ಟಿಕ್ಕು ಮೊದಲು, ಕೆಲಸ ಆಮೇಲೆ

ಜನವರಿ ಹೊತ್ತಿಗೆ ಕೊಪ್ಪಳದಲ್ಲಿ ಎರಡು ಜಾತ್ರೆ ನಡೆಯುತ್ತವೆ. ಒಂದು ಗವಿಸಿದ್ಧೇಶ್ವರನದು. ಇನ್ನೊಂದು ಮನೆಮನೆಯ ಗೋಡೆಯ ಮೇಲೆ ಕ್ಯಾಲೆಂಡರಿನಲ್ಲಿ ನಡೆಯುವ ಹೊಸ ಅಭ್ಯಾಸಗಳ ಜಾತ್ರೆ. ಮೊದಲನೆಯದರಲ್ಲಿ ತೇರು ಕದಲಿದ ಮೇಲೆ ಉತ್ತತ್ತಿ ಎಸೆಯುತ್ತಾರೆ. ಎರಡನೆಯದರಲ್ಲಿ ತೇರಿಗೆ ಇನ್ನೂ ಹಗ್ಗ ಕಟ್ಟಿರುವುದಿಲ್ಲ, ಉತ್ತತ್ತಿ ಆಗಲೇ ಖಾಲಿ.

ನಸುಕಿನಲ್ಲಿ ಏಳುವುದು, ನಡೆಯುವುದು, ಸಕ್ಕರೆ ಬಿಡುವುದು, ದಿನಕ್ಕೆ ಹತ್ತು ಪುಟ ಓದುವುದು. ಪ್ರತಿಯೊಂದಕ್ಕೂ ಒಂದೊಂದು ಸಾಲು, ದಿನಕ್ಕೊಂದು ಚೌಕ, ಚೌಕಕ್ಕೊಂದು ಟಿಕ್ಕು. ಟಿಕ್ಕು ಕಣ್ಣಿಗೆ ಕಂಡರೆ ಹುರುಪು ಬರುತ್ತದೆ, ಹುರುಪು ಬಂದರೆ ಅಭ್ಯಾಸ ಬೇರೂರುತ್ತದೆ ಎಂಬುದು ಲೆಕ್ಕ. ಲೆಕ್ಕ ತಪ್ಪಲ್ಲ. ಆದರೆ ನಮ್ಮವರು ಆ ಲೆಕ್ಕಕ್ಕೊಂದು ಒಳದಾರಿ ಕಂಡುಕೊಂಡಿದ್ದಾರೆ: ಭಾನುವಾರ ಸಂಜೆ ಕುಳಿತು ಇಡೀ ವಾರದ ಟಿಕ್ಕು ಒಂದೇ ಪೆನ್ನಿನಲ್ಲಿ, ಒಂದೇ ಗುಕ್ಕಿನಲ್ಲಿ. ಹೀಗೆ ಬೇರೂರುವ ಅಭ್ಯಾಸವೂ ಒಂದಿದೆ, ಟಿಕ್ಕು ಹಾಕುವ ಅಭ್ಯಾಸ.

ಹೆಜ್ಜೆ ಎಣಿಸುವ ಕೈಗಡಿಯಾರದವರದು ಇನ್ನೂ ಸೊಗಸು. ಮಂಡಕ್ಕಿ ಮಿರ್ಚಿ ಅಂಗಡಿಯ ಮುಂದೆ ನಿಂತು ರಾಜಕೀಯ ಮಾತಾಡುತ್ತ ಕೈ ಬೀಸಿದರೂ ಒಂದಿಷ್ಟು ಹೆಜ್ಜೆ ಜಮಾ. ದಿನಕ್ಕೆ ಹತ್ತು ಸಾವಿರ ಆಗಲೇಬೇಕಂತೆ. ಆ ಅಂಕಿಯನ್ನು ಜನಪ್ರಿಯ ಮಾಡಿದವರು ವೈದ್ಯರಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಾಟಕ್ಕಿಟ್ಟ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಲ್ಲೇ ಅದು ಕೂತಿತ್ತು. ಗಂಗಾವತಿ ಕಡೆಯ ಅಂಜನಾದ್ರಿಗೆ 575 ಮೆಟ್ಟಿಲು. ಹನುಮಮಾಲೆ ಧರಿಸಿದವರು ಹತ್ತಿ, ದರ್ಶನ ಮಾಡಿ, ಇಳಿದು ಮನೆಗೆ ಹೋಗುತ್ತಾರೆ. ಗಡಿಯಾರ ಕಟ್ಟಿದವರು ಹತ್ತಿ, ಮಣಿಕಟ್ಟು ನೋಡಿಕೊಂಡು, ಇಷ್ಟೇನಾ ಎಂದು ಹನುಮಪ್ಪನ ಕಡೆಗೇ ಅನುಮಾನದ ಕಣ್ಣು ಹಾಯಿಸುತ್ತಾರೆ. ಕೊಪ್ಪಳದ ಪಾಲ್ಕಿಗುಂಡಿನ ಮೇಲೆ ‘ವರಾಂಗಚರಿತ’ದ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಚಾವಯ್ಯ ಎಂಬವನೊಬ್ಬ ಬಂಡೆಯಲ್ಲಿ ಮಾಡಿಸಿದ್ದಾನೆ. ಒಂದು ಜನ್ಮದ ನಡಿಗೆಗೆ ಎರಡೇ ಹೆಜ್ಜೆ. ಇಂದಿನ ಗಡಿಯಾರಕ್ಕೆ ತೋರಿಸಿದರೆ ಗುರಿ ತಲುಪಿಲ್ಲ ಎಂದು ಕುಯ್ಗುಟ್ಟೀತು.

ಇನ್ನು 21 ದಿನದಲ್ಲಿ ಅಭ್ಯಾಸ ಕೂರುತ್ತದೆ ಎಂಬ ವ್ಯಾಪಾರ. ಕುಷ್ಟಗಿಯ ಕಲ್ಯಾಣ ಮಂಟಪವಾಗಲಿ, ಬೆಂಗಳೂರಿನ ಹೋಟೆಲಾಗಲಿ, ಬದುಕು ಬದಲಿಸುವ ಶಿಬಿರಗಳಿಗೆ ಈ ಅಂಕಿಯೇ ಬಂಡವಾಳ. ಇದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕ. ರೋಗಿಗಳು ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕನಿಷ್ಠ 21 ದಿನ ಹಿಡಿಯುತ್ತದೆ ಎಂದು ಆತ ಗಮನಿಸಿದ್ದ. ಶಿಬಿರದವರು ಕನಿಷ್ಠವನ್ನು ಕಿತ್ತು ಬಿಸಾಕಿ 21 ಮಾತ್ರ ಇಟ್ಟುಕೊಂಡರು. 2009ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹಿಂಬಾಲಿಸಿ ನೋಡಿದಾಗ ಅಭ್ಯಾಸ ಕೂರಲು ಸರಾಸರಿ 66 ದಿನ ಬೇಕಾಗುತ್ತದೆ ಎಂದು ಕಂಡಿತು; ಒಬ್ಬರಿಗೆ 18 ಸಾಕಾದರೆ ಇನ್ನೊಬ್ಬರಿಗೆ 254 ಬೇಕಾದೀತು. ನಡುವೆ ಒಂದು ದಿನ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂದೂ ತಿಳಿಯಿತು. ಈ ಮಾತನ್ನು ಅಭ್ಯಾಸ ಎಣಿಸುವ ಯಾವ ಆ್ಯಪೂ ಹೇಳುವುದಿಲ್ಲ. ಒಂದು ದಿನ ತಪ್ಪಿದರೆ, ಸತತ ದಿನಗಳ ಗುರುತಾದ ಬೆಂಕಿಯ ಚಿತ್ರ ಆರಿಸಿ ಸೂತಕದ ಮುಖ ಮಾಡುತ್ತದೆ. ಮತ್ತೆ ಹೊತ್ತಿಸಲು ಕಾಸು ಕೇಳುತ್ತದೆ.

ತಪ್ಪಿದ ದಿನವನ್ನು ಬರೆದಿಡುವ ಧೈರ್ಯ ಒಬ್ಬನಿಗಿತ್ತು. ಅವನ ಪ್ರಗತಿ ಫಲಕ ಕೊಪ್ಪಳದಲ್ಲೇ ಇದೆ. ಗವಿಮಠದ ಬಂಡೆಯ ಮೇಲೆ, ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ. ವಿದ್ವಾಂಸರ ಕಣ್ಣಿಗೆ ಅದು ಬಿದ್ದದ್ದು 1931ರಲ್ಲಿ. ಅದರಲ್ಲಿ ಸಾಮ್ರಾಟ ಅಶೋಕ ಹೇಳಿಕೊಂಡಿರುವುದರ ಸಾರ ಇಷ್ಟು: ತಾನು ಉಪಾಸಕನಾಗಿ ಎರಡೂವರೆ ವರ್ಷ ಮೀರಿತು, ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಪ್ರಯತ್ನ ಮಾಡಲಿಲ್ಲ, ಸಂಘದ ಹತ್ತಿರ ಬಂದು ವರ್ಷ ಕಳೆದ ಈಚೆಗೆ ಗಟ್ಟಿಯಾಗಿ ಪ್ರಯತ್ನಿಸುತ್ತಿದ್ದೇನೆ. ಇದೇ ಶಾಸನದ ಬ್ರಹ್ಮಗಿರಿಯ ಪ್ರತಿಯಲ್ಲಿ 256 ಎಂಬ ಅಂಕಿಯೂ ಇದೆ. ಅಷ್ಟು ರಾತ್ರಿ ಆತ ಅರಮನೆ ಬಿಟ್ಟು ಹೊರಗಿದ್ದನೆಂದು ಪಂಡಿತರು ಅರ್ಥ ಮಾಡುತ್ತಾರೆ. ಲಂಡನ್ನಿನ ಅತಿ ನಿಧಾನದ ಮನುಷ್ಯನಿಗಿಂತ ಎರಡು ಹೆಚ್ಚು.

ಒಂದು ವರ್ಷ ಏನೂ ಮಾಡಲಿಲ್ಲ ಎಂದು ಬಂಡೆಗೆ ಕೊರೆಸಿದ ಅಧಿಕಾರಸ್ಥನನ್ನು ಆಮೇಲೆ ಈ ನೆಲ ಕಂಡಂತಿಲ್ಲ. ಆ ಕರಡು ಇಂದಿನ ಯಾವುದಾದರೂ ಇಲಾಖೆಯ ಮೇಜಿಗೆ ಬಂದಿದ್ದರೆ ಮೊದಲು ಆ ಸಾಲಿಗೇ ಕತ್ತರಿ. ಆಮೇಲೆ ‘ಎರಡೂವರೆ ವರ್ಷದಲ್ಲಿ ಶೇ. 100 ಸಾಧನೆ’ ಎಂಬ ತಲೆಬರಹ, ಮೂಲೆಯಲ್ಲಿ ಉಸ್ತುವಾರಿ ಸಚಿವರ ನಗುಮುಖ, ಬಂಡೆಯ ಉದ್ದಕ್ಕೂ ಫ್ಲೆಕ್ಸು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಹದಿಮೂರು ಸದ್ಗುಣಗಳ ಕೋಷ್ಟಕ ಮಾಡಿಕೊಂಡು, ತಪ್ಪಿದಾಗಲೆಲ್ಲ ಕಪ್ಪು ಚುಕ್ಕೆ ಇಡುತ್ತಿದ್ದ. ಸಾಧಿಸಿದ್ದಕ್ಕೆ ಅವನಲ್ಲಿ ಗುರುತೇ ಇಲ್ಲ. ನಮ್ಮಲ್ಲಿ ಕಪ್ಪು ಶಾಯಿಯ ಪೆನ್ನೇ ಸರಬರಾಜಾಗಿಲ್ಲ.

ಸರ್ಕಾರ ಜನರಿಗೆ ಹೊಸ ಅಭ್ಯಾಸ ಕಲಿಸಲು ಹೊರಟಾಗ ಈ ಕೊರತೆ ಢಾಳಾಗಿ ಕಾಣುತ್ತದೆ. ಸ್ವಚ್ಛ ಭಾರತದಲ್ಲಿ ಶೌಚಾಲಯ ಕಟ್ಟಿದವರು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಬೇಕಿತ್ತು. ತೆಗೆಸಿಕೊಂಡರು, 12,000 ರೂಪಾಯಿ ಬಂತು, ಪರದೆಯ ಮೇಲೆ ಊರು ಹಸಿರಾಯಿತು. ಫೋಟೊದಲ್ಲಿ ಬಾಗಿಲು ಮುಚ್ಚಿತ್ತು. ತೆರೆದಿದ್ದರೆ ಎಷ್ಟೋ ಕಡೆ ಒಳಗೆ ಕುಳ್ಳು, ಕಟ್ಟಿಗೆ, ಮುರಿದ ಸೈಕಲ್ಲು ಸುಖವಾಗಿ ಕೂತಿರುವುದು ಕಾಣುತ್ತಿತ್ತು. ಗಂಗಾವತಿ ಸೀಮೆಯ ದಾನಾಪುರದ ಹದಿನಾರರ ಹುಡುಗಿಯೊಬ್ಬಳ ಕೈಯಲ್ಲಿ ಚಾರ್ಟು ಇರಲಿಲ್ಲ. ಮನೆಯಲ್ಲಿ ಶೌಚಾಲಯ ಬೇಕೆಂದು ಅವಳು ಊಟ ಬಿಟ್ಟು ಕೂತಳು. ಪಂಚಾಯ್ತಿ ಅಧ್ಯಕ್ಷರು 18,000 ರೂಪಾಯಿ ಹೊಂದಿಸಿ ವಾರದಲ್ಲಿ ಕಟ್ಟಿಸಿಕೊಟ್ಟರು. 2016ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ಇದನ್ನು ದೇಶಕ್ಕೆ ಹೇಳಿದರು. ಮೆಚ್ಚಿದವರೆಲ್ಲ ಮತ್ತೆ ಚಾರ್ಟಿಗೆ ಬಣ್ಣ ತುಂಬಲು ಕೂತರು.

ಉದ್ಯೋಗ ಖಾತ್ರಿ ಇದನ್ನೂ ಮೀರಿಸಿತು. 2023ರ ಜನವರಿ 1ರಿಂದ ಹಾಜರಿಗೆ ಮೊಬೈಲ್ ಆ್ಯಪು ಕಡ್ಡಾಯವಾಯಿತು: ದಿನಕ್ಕೆರಡು ಫೋಟೊ, ಬೆಳಗ್ಗೆ ಒಂದು, ಮಧ್ಯಾಹ್ನ ಒಂದು. ಎರಡೂವರೆ ವರ್ಷದ ನಂತರ, 2025ರ ಜುಲೈನಲ್ಲಿ, ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಬೇಕಾಯಿತು. ಸಂಬಂಧವಿಲ್ಲದ ಫೋಟೊ ಬರುತ್ತಿವೆ, ಫೋಟೊದ ಫೋಟೊ ಬರುತ್ತಿದೆ, ಒಬ್ಬರೇ ಹಲವು ಹಾಜರಿ ಪಟ್ಟಿಗಳಲ್ಲಿ ಮುಖ ತೋರಿಸುತ್ತಿದ್ದಾರೆ. ಪರಿಹಾರ? ಪಂಚಾಯ್ತಿಯವರು ಎಲ್ಲ ಫೋಟೊಗಳನ್ನೂ ಕೂತು ಪರಿಶೀಲಿಸಬೇಕು. ಬದು ಹಾಕುವವರಿಗಿಂತ ಬದು ಹಾಕುವವರ ಚಿತ್ರ ನೋಡುವವರಿಗೆ ಕೆಲಸ ಖಾತ್ರಿಯಾಯಿತು. ಇತ್ತ ನಿಜವಾಗಿ ಬೆವರು ಸುರಿಸಿದವರಿಗೆ ನೆಟ್‌ವರ್ಕ್ ಕೈಕೊಟ್ಟರೆ ಕೂಲಿಗೂ ಕುತ್ತು.

ಯಲಬುರ್ಗಾ ಕಡೆಯ ಯಾವ ಕೆರೆಯಂಗಳದಲ್ಲಾದರೂ ಮಾತು ಹೀಗೆಯೇ ನಡೆದೀತು.

“ತಮ್ಮಾ, ಹೊತ್ತು ಮೂಡಿದಾಗಿಂದ ಹೂಳು ಎತ್ತಾಕತ್ತೇವಿ. ನಮ್ದು ಹಾಜರಿ ಬಿತ್ತಿಲ್ಲೋ?”

“ಇಲ್ಲ ಬೇ. ಇಲ್ಲಿ ನೆಟ್‌ವರ್ಕ್ ಇಲ್ಲ. ಎಲ್ಲಾರೂ ಏರಿ ಮ್ಯಾಲ ಬರ್ರಿ, ಅಲ್ಲಿ ಎರಡು ಗೆರಿ ಬರ್ತಾವ.”

“ಎಲ್ಲಾರೂ ಏರಿ ಮ್ಯಾಲ ನಿಂತ್ರ ಕೆಳಗ ಅಗಿಯೋರು ಯಾರಪಾ?”

“ಅಗಿಯೂದು ಫೋಟೊದಾಗ ಬರಂಗಿಲ್ಲ ಬೇ. ಮುಖ ಕಾಣಬೇಕು. ಸೆರಗು ಸರಿಸ್ರಿ, ಸ್ವಲ್ಪ ನಗ್ರಿ.”