ಬೇಸಿಗೆ ಬಳಕೆದಾರರ ಕೈಪಿಡಿ: ಅರಸೀಕೆರೆ–ಹಳೇಬೀಡು–ಬೇಲೂರು ಮಾದರಿ

ಬಳಸುವ ಮುನ್ನ ದಯವಿಟ್ಟು ಓದಿ. ಓದದೆ ಬಳಸಿದವರು ನಡುಮಧ್ಯಾಹ್ನ ಬೇಲೂರು ದೇವಸ್ಥಾನದ ಅಂಗಳದಲ್ಲಿ ಬರಿಗಾಲಲ್ಲಿ ಕುಣಿಯುತ್ತಿರುತ್ತಾರೆ. ನೋಡಿದವರು ಅದನ್ನು ಶಾಂತಲೆಯ ಕಾಲದ ನೃತ್ಯವೆಂದು ತಿಳಿದು ವಿಡಿಯೊ ಮಾಡಿಕೊಳ್ಳುತ್ತಾರೆ.

ಉತ್ಪನ್ನದ ಪರಿಚಯ

ಯುಗಾದಿಯ ಬೇವುಬೆಲ್ಲದಿಂದ ರೋಹಿಣಿ ಮಳೆಯವರೆಗೆ ಚಾಲೂ ಇರುವ ಈ ಬೇಸಿಗೆ ಮುಖ್ಯವಾಗಿ ಬೆಂಗಳೂರಿನಿಂದ ರಜೆಗೆ ಊರಿಗೆ ಬರುವವರ ಬಳಕೆಗೆ. ಊರಲ್ಲೇ ಇರುವವರಿಗೆ ಕೈಪಿಡಿ ಬೇಕಿಲ್ಲ. ಅವರು ಇದನ್ನು ಬೈದುಕೊಂಡೇ ಚೆನ್ನಾಗಿ ಬಳಸುತ್ತಾರೆ. ಬಿಸಿಲಿನ ಬಗ್ಗೆ ಅತಿಯಾಗಿ ಗೋಳಾಡಬೇಡಿ. ಪಾದರಸ 40 ಮುಟ್ಟುವುದು ಇಲ್ಲಿ ಅಪರೂಪ. ನಿಮ್ಮ ಗೋಳನ್ನು ರಾಯಚೂರಿನವರೋ ಕಲಬುರಗಿಯವರೋ ಕೇಳಿಸಿಕೊಂಡರೆ ಸ್ವೆಟರ್ ತಂದುಕೊಡುತ್ತಾರೆ.

ಯಂತ್ರ ಒಂದೇ, ಭಾಗ ಎರಡು. ಅರಸೀಕೆರೆ ಕಡೆ ಬಯಲುಸೀಮೆ, ತೆಂಗು, ಧೂಳು. ಬೇಲೂರು ದಾಟಿದರೆ ಮಲೆನಾಡಿನ ಸೆರಗು, ಕಾಫಿ ತೋಟ. ಒಂದೇ ಜಿಲ್ಲೆ, ಒಂದೇ ಬಸ್ಸು, ಆದರೆ ಆಕಾಶದಿಂದ ಕೇಳಿಕೊಳ್ಳುವುದು ಬೇರೆಬೇರೆ. ಬೇಲೂರಿನ ಕಡೆಯವರು ಹೂಮಳೆ ಹೊತ್ತಿಗೆ ಸರಿಯಾಗಿ ಬಂತೇ, ಹಿಂದೆಯೇ ಕಾಯಿ ಕಚ್ಚಿಸುವ ಮಳೆ ಬಂತೇ ಎಂದು ಲೆಕ್ಕ ಹಾಕುತ್ತಾರೆ. ಅರಸೀಕೆರೆಯವರು ಭರಣಿ ಒಂದು ಹದ ಬಿದ್ದರೆ ಸಾಕು, ತೆಂಗಿನ ಬುಡ ತಣ್ಣಗಾಗುತ್ತದೆ ಅನ್ನುತ್ತಾರೆ. ಮುನ್ಸೂಚನೆಗೆ ಎರಡು ಕಚೇರಿಗಳಿವೆ: ಹವಾಮಾನ ಇಲಾಖೆ ಮತ್ತು ಹಾರನಹಳ್ಳಿಯ ಕೋಡಿಮಠ. ಎರಡನೆಯದರಲ್ಲಿ ಮಳೆಯ ಜೊತೆಗೆ ಸರ್ಕಾರದ ಭವಿಷ್ಯವೂ ಸಿಗುತ್ತದೆ. ಹಾಗಾಗಿ ಟಿವಿಯವರು ಅಲ್ಲಿಗೇ ಮೊದಲು ಓಡುತ್ತಾರೆ.

ಚಾಲೂ ಮಾಡುವ ವಿಧಾನ

ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿಯಿರಿ. ಬೆಂಗಳೂರು–ಹುಬ್ಬಳ್ಳಿ ದಾರಿಗೆ ಹಾಸನ–ಮೈಸೂರಿನ ದಾರಿ ಬಂದು ಕೂಡುವ ಜಾಗ ಇದು. ಆದ್ದರಿಂದ ಪ್ಲಾಟ್‌ಫಾರ್ಮಿನ ಮೇಲೆ ಅರ್ಧ ಜನ ಎಲ್ಲಿಗೋ ಹೋಗುವ ರೈಲಿಗೆ ಕಾಯುತ್ತಿರುತ್ತಾರೆ, ಉಳಿದರ್ಧ ತಪ್ಪಿದ ರೈಲಿನ ಬಗ್ಗೆ ಮಾತಾಡುತ್ತಿರುತ್ತಾರೆ. ಇಳಿದ ಕೂಡಲೇ, ತೆಂಗಿನ ಸೀಮೆಗೆ ಬಂದೆವು, ಇನ್ನು ಎಳನೀರಿಗೇನು ಬರ ಎಂದುಕೊಳ್ಳುತ್ತೀರಿ. ಇದು ಹೊಸ ಬಳಕೆದಾರರ ಸಾಮಾನ್ಯ ಭ್ರಮೆ. ಎಳನೀರಿಗೆ ಮದ್ದೂರು, ಇಲ್ಲಿಯದು ಕೊಬ್ಬರಿ. ಅರಸೀಕೆರೆ–ತಿಪಟೂರು ಸೀಮೆಯ ರೈತ ಕಾಯನ್ನು ಎಳಸಿನಲ್ಲಿ ಕೀಳುವವನಲ್ಲ. ಬಲಿಯಲು ಬಿಟ್ಟು, ಕಿತ್ತು, ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ತಾನಾಗಿ ಬತ್ತಿ ಕೊಬ್ಬರಿ ಚಿಪ್ಪು ಬಿಡುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯುತ್ತಾನೆ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ನೀರಿನ ಸದ್ದು ಹೋಗಿ ಗುಂಡಿನ ಸದ್ದು ಬರಬೇಕು. ಅಲ್ಲಿಯವರೆಗೆ ಅಟ್ಟ ಅವನ ಬ್ಯಾಂಕು.

ಇಂಥ ಮನೆಯಲ್ಲಿ ನಿಂತು ‘ಮಾವ, ಎರಡು ಎಳನೀರು ಕೆಡವಿಸಿ’ ಅಂದರೆ ಮಾವ ನಗುತ್ತಲೇ ಕೆಡವಿಸುತ್ತಾರೆ. ಆ ನಗುವಿನ ಹಿಂದೆ ಆ ದಿನದ ಕೊಬ್ಬರಿ ಧಾರಣೆ ಇರುತ್ತದೆ. ಮಜ್ಜಿಗೆ ಕೇಳುವುದು ಕ್ಷೇಮ.

ಮಹಡಿಯ ಬಳಕೆ

ಸಂಡಿಗೆಯ ದಿನ ಮನೆಯ ಹೆಂಗಸರ ಅಧೀನದ ದಿನ. ಗಂಡಸರು, ನಾಯಿಗಳು ಮತ್ತು ಜಾತಕ ಹಿಡಿದು ಬಂದವರು ಕೆಳಗೇ ಇರಬೇಕು. ಸಬ್ಬಕ್ಕಿ ರಾತ್ರಿಯೇ ನೆನೆದಿರುತ್ತದೆ. ನಸುಕಿನಲ್ಲಿ ಗಂಜಿ ಕುದಿಸಿ, ಅರೆದ ಹಸಿಮೆಣಸಿನಕಾಯಿ, ಜೀರಿಗೆ, ಇಂಗು, ಉಪ್ಪು ಬೆರೆಸಿ, ಬಿಸಿಲು ಏರುವುದರೊಳಗೆ ಹಳೇ ಪಂಚೆಯ ಮೇಲೆ ಸೌಟಿನಿಂದ ಇಟ್ಟು ಮುಗಿಸಬೇಕು. ಉಪ್ಪು ಹಸಿಗಂಜಿಯಲ್ಲಿ ಸ್ವಲ್ಪ ಕಡಿಮೆಯೇ ಅನ್ನಿಸಬೇಕು. ಸರಿ ಅನ್ನಿಸಿತೋ, ಒಣಗಿದ ಮೇಲೆ ಉಪ್ಪುಕಾಯಿ. ಸಂಜೆಗೆ ಪಂಚೆಯನ್ನು ಮಗುಚಿ ಹಿಂಬದಿಗೆ ನೀರು ಚಿಮುಕಿಸಿದರೆ ಸಂಡಿಗೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಎಳೆದರೆ ಪಂಚೆಯ ದಾರವೂ ಬರುತ್ತದೆ. ಹಾಗೆ ಬಂದ ದಾರ ಮುಂದಿನ ಶ್ರಾವಣದಲ್ಲಿ ಯಾರದೋ ಹಲ್ಲಿನ ಸಂದಿಯಲ್ಲಿ ಪತ್ತೆಯಾಗುತ್ತದೆ.

ಕಾಗೆ ಕಾಯಲು ಮಕ್ಕಳನ್ನು ಕೂರಿಸುವುದು ವಾಡಿಕೆ. ಕಾಗೆಗಿಂತ ಹೆಚ್ಚು ನಷ್ಟ ಈ ಕಾವಲುಗಾರರಿಂದಲೇ. ಮೇಲೆ ಗರಿಯಾಗಿ ಒಳಗಿನ್ನೂ ಮೆತ್ತಗಿರುವ ಅರೆಬರೆ ಸಂಡಿಗೆಯ ರುಚಿ ಕರಿದ ಸಂಡಿಗೆಗೆ ಇಲ್ಲ ಎಂಬುದು ಎಲ್ಲ ಅಜ್ಜಿಯರಿಗೂ ಗೊತ್ತು. ಅದಕ್ಕೇ ಎರಡು ಸೇರು ಹೆಚ್ಚಿಗೆ ನೆನೆಹಾಕಿರುತ್ತಾರೆ.

ಕಲ್ಲಿನ ಬಿಡಿಭಾಗಗಳು

ಅರಸೀಕೆರೆಯಿಂದ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುವ ಬಸ್ಸು ಹಿಡಿಯಿರಿ. ಕಿಟಕಿ ಸೀಟು ಬೇಕೆಂದರೆ ಸೂರ್ಯ ಯಾವ ಮಗ್ಗುಲಿಗೆ ಬರುತ್ತಾನೆ ಎಂದು ಲೆಕ್ಕ ಹಾಕಿ ಕೂರಿ. ಖಾಲಿ ಸೀಟು ಕಂಡಿತೆಂದರೆ ಅದು ಬಿಸಿಲಿನ ಮಗ್ಗುಲೇ.

2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಕಲ್ಲಿಗೆ ಇದು ಗೊತ್ತಿಲ್ಲ, ಮೊದಲಿನಷ್ಟೇ ಕಾಯುತ್ತದೆ. ಬೆಳಿಗ್ಗೆ ಬೇಗ ಹೋಗಿ, ಇಲ್ಲವೇ ನಾಲ್ಕರ ಮೇಲೆ. ಮಧ್ಯಾಹ್ನವೇ ಆಗಬೇಕೆಂದರೆ ಕಾಲಿಗೆ ಕಾಲುಚೀಲ ಹಾಕಿಕೊಳ್ಳಿ. ಬೇಲೂರಿನಲ್ಲಿ ಹಾಸು ಇರುವಷ್ಟು ದೂರ ರಾಜಗಾಂಭೀರ್ಯದಿಂದ ನಡೆಯಿರಿ, ಹಾಸು ಮುಗಿದಲ್ಲಿಂದ ಓಡಿ. ಅಂದಹಾಗೆ ಚೆನ್ನಕೇಶವ ಸ್ವಾಮಿಗೆ ಈ ತೊಂದರೆಯಿಲ್ಲ. ಬಾಬಾಬುಡನ್‌ಗಿರಿಯಲ್ಲಿ ಉಳಿದುಹೋದ ದೇವಿಯನ್ನು ನೋಡಲು ಸ್ವಾಮಿ ಆಗಾಗ ನಡೆದು ಹೋಗುತ್ತಾನೆ, ಅದಕ್ಕೆ ಬಸವಾಪಟ್ಟಣದವರು ಚಪ್ಪಲಿ ಮಾಡಿಕೊಡುತ್ತಾರೆ, ಸವೆದರೆ ಹೊಸದು ಬರುತ್ತದೆ ಎಂಬುದು ಹಳೆಯ ಐತಿಹ್ಯ. ಬೇಲೂರಿನಲ್ಲಿ ದೇವರೊಬ್ಬನಿಗೆ ಮಾತ್ರ ಚಪ್ಪಲಿ, ಭಕ್ತರೆಲ್ಲ ಬರಿಗಾಲು.

ಗೈಡ್ ತೆಗೆದುಕೊಳ್ಳಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ್ದು, ಕಪ್ಪೆ ಚೆನ್ನಿಗರಾಯನ ಕಲ್ಲಿನೊಳಗಿಂದ ಕಪ್ಪೆ ಹಾರಿದ್ದು, ಜಕಣಾಚಾರಿ ತನ್ನ ಕೈಯನ್ನೇ ಕತ್ತರಿಸಿಕೊಂಡದ್ದು, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಮಧ್ಯೆ ಅಡ್ಡ ಬಾಯಿ ಹಾಕಬೇಡಿ. ಶಿಲ್ಪಗಳ ಕೆಳಗೆ ಕೊರೆದಿರುವ ಹೆಸರುಗಳು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರವು. ಜಕಣಾಚಾರಿಯ ಹೆಸರು ಅಲ್ಲಿ ಸಿಗುವುದಿಲ್ಲ. ಆದರೆ ದಾಸೋಜನ ಮೇಲೆ ಸಿನಿಮಾ ಬರಲಿಲ್ಲ; ಜಕಣಾಚಾರಿಗೆ 1964ರಲ್ಲಿ ಕಲ್ಯಾಣ್‌ಕುಮಾರ್ ಸಿಕ್ಕಿದರು, ಜೊತೆಗೆ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವೆಂಬ ಕೀರ್ತಿಯೂ. ಬಣ್ಣದ ಮುಂದೆ ಶಾಸನ ಎಲ್ಲಿ ನಿಂತೀತು? ದರ್ಪಣಸುಂದರಿಯೇ ಜಗತ್ತಿನ ಮೊದಲ ಸೆಲ್ಫಿ ಎಂಬ ಜೋಕು ಬಂದಾಗ ನಗುವುದು ಕಡ್ಡಾಯ. ಗೈಡ್ ಶುಲ್ಕದಲ್ಲಿ ಅದೂ ಸೇರಿದೆ. ಅದರ ಬದಲು, ಹಣ್ಣಿನ ಮೇಲೆ ಕೂತ ನೊಣವನ್ನು ಹಲ್ಲಿ ಹೊಂಚುವ ಮದನಿಕೆಯನ್ನು ತೋರಿಸಿ ಎಂದು ಕೇಳಿ. ಬೆರಳುಗುರಿನಷ್ಟು ಕಲ್ಲು, ರೆಕ್ಕೆ ಮಡಿಸಿ ಕೂತಿದೆ. ಒಂಬೈನೂರು ಬೇಸಿಗೆಯಾದರೂ ಹಲ್ಲಿಗೆ ಸಿಕ್ಕಿಲ್ಲ.

ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಹೊರಗೋಡೆಯ ಆನೆಸಾಲನ್ನು ಎಣಿಸಲು ಮಕ್ಕಳನ್ನು ಬಿಟ್ಟು ದೊಡ್ಡವರು ಒಳಗಿನ ತಂಪಿನಲ್ಲಿ ಕಂಬಕ್ಕೆ ಒರಗಬಹುದು. ಮ್ಯೂಸಿಯಂಗೆ ಶುಕ್ರವಾರ ರಜೆ. ಜನ ಹೆಚ್ಚೆನಿಸಿದರೆ ಬಸದಿಹಳ್ಳಿಗೆ ನಡೆಯಿರಿ. ಗಂಗರಾಜನ ನೆನಪಿಗೆ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ಮುಖ ಕಾಣುತ್ತದೆ. ಬಸ್ಸಿನ ಧೂಳು ಹೊತ್ತ ಮುಖವನ್ನು ಅಲ್ಲಿ ನೋಡಿಕೊಳ್ಳುವ ಧೈರ್ಯ ಇದ್ದವರು ನೋಡಿಕೊಳ್ಳಿ. ಇನ್ನೊಂದು ಗುಟ್ಟು: ಅರಸೀಕೆರೆಯಲ್ಲೇ 1220ರ ಸುಮಾರಿನ ಶಿವಾಲಯವಿದೆ, ಹದಿನಾರು ಮೂಲೆಯ ನಕ್ಷತ್ರಾಕಾರದ ಮುಖಮಂಟಪ. ಯುನೆಸ್ಕೊ ಪಟ್ಟಿಯಲ್ಲಿ ಇಲ್ಲದ್ದರಿಂದ ನೆರಳು ಪೂರ್ತಿ ಖಾಲಿ.

ಚೈತ್ರದಲ್ಲಿ ಬೇಲೂರಿನ ರಥೋತ್ಸವಕ್ಕೆ ಬಂದವರು ದೇವಸ್ಥಾನ ನೋಡುವ ಆಸೆ ಬಿಟ್ಟು ಜನ ನೋಡಿ. ರಥ ಹೊರಡುವ ಮುನ್ನ ಕುರಾನ್ ಪಠಿಸುವ ಪದ್ಧತಿ ಇಲ್ಲಿ ತಲೆಮಾರುಗಳಿಂದ ಬಂದದ್ದು. 2022ರಿಂದೀಚೆಗೆ ಅದರ ಮೇಲೂ ಜಗಳ ಎದ್ದಿತು. ಬಿಸಿಲೇ ಸಾಲದೆಂದು ಇದನ್ನು ಹೊತ್ತಿಸಿದವರಿಗೆ ಕೈಪಿಡಿ ಬರೆಯುವುದು ನನ್ನಿಂದಾಗದು.

ರಾತ್ರಿ ಮೋಡ್

ಈ ಮಾದರಿಯ ಅಸಲಿ ಸಾಮರ್ಥ್ಯ ತಿಳಿಯುವುದು ಕತ್ತಲಾದ ಮೇಲೆ. ಹಗಲೆಲ್ಲ ಜಗಲಿಯಲ್ಲಿ ಬಿದ್ದುಕೊಂಡಿದ್ದ ಹಳ್ಳಿ, ರಾತ್ರಿ ಕುರುಕ್ಷೇತ್ರ ನಾಟಕಕ್ಕೆ ಎದ್ದು ಕೂರುತ್ತದೆ. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ್ದು ಇಲ್ಲಿಂದ ಬಹಳ ದೂರವೇನಲ್ಲ. ಕಂಪನಿಗಳು ಮುಚ್ಚಿದರೂ ಅವುಗಳ ಮಟ್ಟುಗಳು, ಪರದೆಗಳು, ಕಿರೀಟಗಳು ಈ ಸೀಮೆಯ ರೈತರ ಕೈಗೆ ಬಂದವು. ಪಾತ್ರ ಬೇಕಿದ್ದವರು ದುಡ್ಡು ಕಟ್ಟಬೇಕು. ಅತಿ ದುಬಾರಿ ಪಾತ್ರಗಳು ಕೃಷ್ಣ ಮತ್ತು ದುರ್ಯೋಧನ. ವಿದುರ ಅಗ್ಗ. ಅಪೇಕ್ಷಿಗಳು ಜಾಸ್ತಿಯಾದರೆ ಕೃಷ್ಣನನ್ನು ಎರಡು ಭಾಗ ಮಾಡುತ್ತಾರೆ: ಸಂಧಾನದವರೆಗೆ ದಪ್ಪ ಕೃಷ್ಣ, ಗೀತೋಪದೇಶಕ್ಕೆ ತೆಳ್ಳಗಿನ ಕೃಷ್ಣ. ಅರ್ಜುನ ಇಬ್ಬರಿಗೂ ಅಷ್ಟೇ ಭಕ್ತಿಯಿಂದ ಕೈಮುಗಿಯುತ್ತಾನೆ.

ತಿಂಗಳುಗಟ್ಟಲೆ ತಾಲೀಮು ನಡೆಸಿದ ಹಾರ್ಮೋನಿಯಂ ಮೇಷ್ಟ್ರೇ ಆ ರಾತ್ರಿಯ ನಿಜವಾದ ಸೂತ್ರಧಾರ. ಎಡಗೈಯಲ್ಲಿ ತಿದಿ ಒತ್ತುತ್ತಾ, ಬಲಗೈಯಲ್ಲಿ ಸ್ವರ ಹಿಡಿದು, ಬಾಯಲ್ಲಿ ಮರೆತ ಮಾತನ್ನು ಉಗ್ಗಡಿಸುತ್ತಾ, ಕಣ್ಣಲ್ಲೇ ಭೀಮನಿಗೆ ‘ಮೈಕಿನ ಹತ್ತಿರ ಬಾರಯ್ಯ’ ಅನ್ನುತ್ತಿರುತ್ತಾರೆ. ಕರಪತ್ರದಲ್ಲಿ ಒಂಬತ್ತಕ್ಕೆ ಅಂದರೆ ಹನ್ನೊಂದಕ್ಕೆ ಶುರು. ಆ ಎರಡು ಗಂಟೆ ಗಣ್ಯರದ್ದು. ದ್ರೌಪದಿಗೆ ಪಟ್ಟಣದಿಂದ ಕಲಾವಿದೆ ಬಂದಿರುತ್ತಾರೆ. ವೃತ್ತಿಯವರಾದ್ದರಿಂದ ಅವರ ಮಾತು ಬಂದಾಗಲೆಲ್ಲ ಉಳಿದವರ ಅಭಿನಯವೂ ಒಂದು ಮೆಟ್ಟಿಲು ಏರುತ್ತದೆ. ದುರ್ಯೋಧನ ಛಲದ ಹಾಡು ಮುಗಿಸುತ್ತಿದ್ದಂತೆ ಅವನ ಬೀಗರು ರಂಗ ಹತ್ತಿ ನೋಟಿನ ಹಾರ ಹಾಕಿ, ಉಂಗುರ ತೊಡಿಸಿ, ಶಾಲು ಹೊದಿಸುತ್ತಾರೆ. ಅಷ್ಟು ಹೊತ್ತೂ ದುಶ್ಶಾಸನ ಸೀರೆಯ ಸೆರಗು ಹಿಡಿದುಕೊಂಡೇ ನಿಂತಿರಬೇಕು. ಸಭೆ ‘ವನ್ಸ್ ಮೋರ್’ ಅಂದರೆ ಹಾಡು ಮತ್ತೊಮ್ಮೆ, ದುಶ್ಶಾಸನನ ಕೈನೋವು ಮತ್ತೊಮ್ಮೆ. ಅರದಾಳ ಬಳಿದ ಮುಖದ ಮೇಲೆ ಬೆವರು ಗೆರೆ ಕೊರೆದು ಮೀಸೆಯ ಅಂಟಿಗೆ ತಲುಪುವುದು ಸುಮಾರು ಎರಡು ಗಂಟೆಗೆ. ಎಡಮೀಸೆ ಒತ್ತಿಕೊಂಡೇ ಕರ್ಣ ಎಷ್ಟು ಚೆಂದ ಸಾಯುತ್ತಾನೆ ಎಂಬುದನ್ನು ನೋಡದೆ ಹೋಗಬೇಡಿ.

ಪ್ರೇಕ್ಷಕರಿಗೆ ಸೂಚನೆ: ಚಾಪೆ, ತಲೆದಿಂಬು, ಸೊಳ್ಳೆಗೆ ಹೊದೆಯಲು ದುಪ್ಪಟಿ ತನ್ನಿ. ಮೆಣಸಿನಕಾಯಿ ಬೋಂಡವನ್ನು ಅಭಿಮನ್ಯುವಿನ ಹೊತ್ತಿಗೇ ಕೊಳ್ಳಿ. ಯುದ್ಧ ಏರಿದಷ್ಟೂ ಎಣ್ಣೆ ಹಳತಾಗುತ್ತದೆ. ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಬೆಳಗಾಗಿರುತ್ತದೆ. ಆಗ ಕೂತಿರುವವರು ಅವನ ಹೆಂಡತಿ, ಮಕ್ಕಳು ಮತ್ತು ಸೀನರಿಯವನು. ಗದೆ ಬಿದ್ದ ಅರ್ಧ ಗಂಟೆಗೆ ಕುರುಪತಿ ಕಿರೀಟ ಬಿಚ್ಚಿ ಡೈರಿಗೆ ಹಾಲು ಹಾಕಲು ಹೊರಡುತ್ತಾನೆ, ಹುಬ್ಬಿನ ಬಣ್ಣ ಹಾಗೇ ಇರುತ್ತದೆ.

ಕ್ರಿಕೆಟ್ ಇದ್ದ ದಿನ

ನಾಟಕ ಇಲ್ಲದ ರಾತ್ರಿ ಆರ್‌ಸಿಬಿ. ‘ಈ ಸಲ ಕಪ್ ನಮ್ದೆ’ ಎಂಬ ಮಂತ್ರ ಫಲಿಸಿದ್ದು 2025ರ ಜೂನ್ 3ರಂದು, ಹದಿನೆಂಟನೇ ಆವೃತ್ತಿಯಲ್ಲಿ, ಪಂಜಾಬ್ ವಿರುದ್ಧ ಆರು ರನ್ನಿನಿಂದ. ನನ್ನ ಅಭಿಪ್ರಾಯದಲ್ಲಿ ಗೆಲ್ಲದಿದ್ದಾಗಲೇ ಚರ್ಚೆಗೆ ಹುರುಪಿತ್ತು. ಜಾವಗಲ್ಲಿನ ಅರಳಿಕಟ್ಟೆಯಲ್ಲಿ ಬೌಲಿಂಗ್ ಬಗ್ಗೆ ಮಾತೆತ್ತುವಾಗ ಹುಷಾರು. ಆ ಊರಿನ ಹೆಸರು ಹೊತ್ತ ಶ್ರೀನಾಥ್ 236 ಟೆಸ್ಟ್ ವಿಕೆಟ್ ತೆಗೆದವರು. ಇಂದಿನ ಯಾವ ವೇಗಿಯೂ ಅಲ್ಲಿ ಸುಲಭಕ್ಕೆ ಪಾಸಾಗುವುದಿಲ್ಲ.

ದೋಷ ಮತ್ತು ಪರಿಹಾರ

ಸೂಪರ್ ಓವರಿನಲ್ಲಿ ಕರೆಂಟು ಹೋದರೆ: ಟ್ರ್ಯಾಕ್ಟರಿನ ಬ್ಯಾಟರಿ. ಒಂದೇ ದಿನ ಐದು ಮದುವೆಗೆ ಕರೆ ಬಂದರೆ: ಮುಹೂರ್ತ ಒಬ್ಬರದ್ದು, ಊಟ ಒಬ್ಬರದ್ದು, ಉಳಿದವರಿಗೆ ಮುಯ್ಯಿ ಕವರು ಚಿಕ್ಕಪ್ಪನ ಕೈಲಿ. ಹಾಸಿಗೆ ಬಿಸಿಯಾದರೆ: ಮಹಡಿಗೆ ನೀರು ಸುರಿದು ಅಲ್ಲೇ ಮಲಗಿ, ಮಧ್ಯರಾತ್ರಿ ಗುಡುಗಿ ಭರಣಿ ಇಳಿದರೆ ಮೊದಲು ಸಂಡಿಗೆ ಡಬ್ಬಿ, ಆಮೇಲೆ ಮಗು.

ವಾಪಸಾತಿ ನಿಯಮ

ಮೇ ಕೊನೆಗೆ ಶಾಲೆ ತೆರೆಯುವ ಸುದ್ದಿ ಬಂದೊಡನೆ ಹೊರಡಿ. ಸಾಮಾನು ನಿಮ್ಮಿಷ್ಟದ್ದಲ್ಲ, ಅತ್ತೆ ಕಟ್ಟಿದ್ದು. ಕೊಬ್ಬರಿ ಒಂದು ಚೀಲ, ಉಪ್ಪಿನಕಾಯಿ ಭರಣಿ ಒಂದು, ಸಂಡಿಗೆ ಡಬ್ಬಿ ಎರಡು, ಬೇಲೂರು ಕಡೆಯ ನೆಂಟರು ಕಳಿಸಿದ ಕಾಫಿಪುಡಿ, ಮತ್ತು ‘ನಾಳಿದ್ದು ಹಣ್ಣಾಗುತ್ತೆ’ ಎಂದು ಪ್ರಮಾಣ ಮಾಡಿ ಕೊಟ್ಟ ಹಲಸು. ಅದು ತಿಪಟೂರು ದಾಟುವುದರೊಳಗೆ ಹಣ್ಣಾಗುತ್ತದೆ. ಎಸಿ ಬೋಗಿಯಲ್ಲಿ ಕಿಟಕಿ ತೆರೆಯಲು ಬರುವುದಿಲ್ಲ. ಯಾರದಿದು ಎಂದು ಟಿಸಿ ಕೇಳಿದರೆ ಎಲ್ಲರ ಜೊತೆ ನೀವೂ ಮೇಲಿನ ಬರ್ತಿನ ಕಡೆ ನೋಡಿ.