ನೀಲಿ ಮೂಡೆ

ಬಾನೆಟ್ ಮುಚ್ಚಿದರೆ ಯಾರಿಗೂ ಕಾಣದ, ಇಂಜಿನ್ನಿಗೆ ಗಾಳಿ ಒಯ್ಯುವ ಒಂದು ಪೈಪಿಗೆ ಯಾವ ಬಣ್ಣ ಒಪ್ಪುತ್ತದೆ ಎಂದು ವಾರಗಟ್ಟಲೆ ತಲೆ ಕೆಡಿಸಿಕೊಂಡವನ ಬಗ್ಗೆ ನಿಮಗೆ ಏನನ್ನಿಸುತ್ತದೋ ನನ್ನ ಹೆಂಡತಿಗೂ ಅದೇ ಅನ್ನಿಸಿತು. ಅಂಗಡಿಯವನಲ್ಲಿ ಕಪ್ಪು, ಕೆಂಪು, ನೀಲಿ ಮೂರೂ ಇದ್ದವು. ಕಪ್ಪು ಹಾಕಿದರೆ ಹಳೆಯ ರಬ್ಬರ್ ಪೈಪಿಗೂ ಇದಕ್ಕೂ ವ್ಯತ್ಯಾಸ ಯಾರಿಗೆ ಗೊತ್ತಾಗಬೇಕು? ಕೆಂಪು ಕಾರಿಗೆ ಕೆಂಪು ಪೈಪು ಅತಿಯಾಯಿತು. ನೀಲಿ ಎಂದು ತೀರ್ಮಾನವಾಯಿತು. "ಮಳೆ ಬಂದ್ರೆ ಟಾಪ್ ಸೋರುತ್ತೆ, ಮೊದ್ಲು ಅದನ್ನ ಹಾಕ್ಸಿ" ಎಂದಳು. ಸೋರುವುದು ನಿಜ. ಇಂಗ್ಲೆಂಡಿನಲ್ಲಿ ಮಳೆ ಬರುವುದೂ ನಿಜ. ಆದರೆ ಟಾಪ್ ಹಾಕಿಸಿದರೆ ಪಿಕಪ್ ಹೆಚ್ಚುತ್ತದೆ ಎಂದು ಯಾರೂ ಡಬ್ಬದ ಮೇಲೆ ಬರೆದಿಲ್ಲವಲ್ಲ.

ಕಾರು ಮಾಜ್ದಾ ಎಂಎಕ್ಸ್-5, ಮೊದಲ ತಲೆಮಾರಿನದು, ದೀಪ ಹಾಕಿದರೆ ಕಣ್ಣೆರಡೂ ಮೇಲೆದ್ದು ಬರುವಂಥದ್ದು. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ ಮಾಜ್ದಾದ ಕೆನಿಚಿ ಯಮಾಮೊಟೊ ಅವರ ಹತ್ತಿರ, ಹಳೆಯ ಬ್ರಿಟಿಷ್ ಕಾರುಗಳಂಥ ಹಗುರವಾದ ಎರಡು ಸೀಟಿನ ಕಾರೊಂದನ್ನು ನೀವೇ ಯಾಕೆ ಮಾಡಬಾರದು ಎಂದನಂತೆ. ಹತ್ತು ವರ್ಷದ ಮೇಲೆ, 1989ರ ಫೆಬ್ರವರಿಯಲ್ಲಿ, ಷಿಕಾಗೊ ಪ್ರದರ್ಶನದಲ್ಲಿ ಅದು ಹೊರಬಂತು. ನಾನಿರುವುದು ಕವೆಂಟ್ರಿಯಲ್ಲಿ. ಟ್ರಯಂಫ್ ಸ್ಪಿಟ್‌ಫೈರ್ ತಯಾರಾದ ಊರು. ಸೋರದ, ನಡುದಾರಿಯಲ್ಲಿ ಕೈಕೊಡದ ಸ್ಪಿಟ್‌ಫೈರ್ ಹೇಗಿರಬೇಕೆಂದು ಮಾಡಿ ತೋರಿಸಿದ್ದು ಜಪಾನಿನವರು. ನನ್ನದು ಸೋರುತ್ತದೆ, ಅದು ವಯಸ್ಸಿನ ಮಾತು.

ಯುಗಾದಿ ಊಟಕ್ಕೆ ಇದನ್ನು ತೆಗೆದುಕೊಂಡು ಹೋದರೆ ನಮ್ಮವರು ಸುತ್ತ ನೆರೆದು, "ಎರಡೇ ಸೀಟಾ? ಮಕ್ಕಳನ್ನ ಎಲ್ಲಿ ಕೂರಿಸ್ತೀರಿ?" ಎಂದು ಕೇಳುತ್ತಾರೆ. ಪ್ರತಿ ಯುಗಾದಿಗೂ ಕೇಳುತ್ತಾರೆ. ಕೇಳುವವರು ಏಳು ಸೀಟಿನ ಗಾಡಿಯಲ್ಲಿ ಒಬ್ಬರೇ ಕೂತು ಆಫೀಸಿಗೆ ಹೋಗಿಬರುವ ಜನ. ಖಾಲಿ ಆರು ಸೀಟನ್ನು ದಿನಾ ಹೊತ್ತು ತಿರುಗುವುದು ಸಂಸಾರಸ್ಥರ ಲಕ್ಷಣ, ಇಲ್ಲದ ಸೀಟನ್ನು ಬಿಟ್ಟು ಓಡಿಸುವುದು ಪೋಲಿತನ. ಇರಲಿ. ಅವರಲ್ಲೇ ಒಬ್ಬರು ಪೈಪಿನ ಸುದ್ದಿ ಕೇಳಿ, "ಎಷ್ಟು ಎಚ್‌ಪಿ ಜಾಸ್ತಿ ಆಗುತ್ತೆ?" ಎಂದರು. ನಾನು ಪಾಯಸಕ್ಕೆ ಎದ್ದು ಹೋದೆ.

ಯಾಕೆಂದರೆ ಉತ್ತರ ಸೊನ್ನೆ. ಟರ್ಬೊ ಇರುವ ಕಾರುಗಳಲ್ಲಿ ಗಾಳಿಯನ್ನು ಒತ್ತಿ ತುಂಬುತ್ತಾರೆ, ಬಿಸಿಗೂ ಒತ್ತಡಕ್ಕೂ ಹಳೇ ರಬ್ಬರ್ ಉಬ್ಬುತ್ತದೆ, ಒಮ್ಮೊಮ್ಮೆ ಹರಿಯುತ್ತದೆ. ಒಳಗೆ ಬಟ್ಟೆಯ ಪದರ ಕೊಟ್ಟ ಸಿಲಿಕೋನ್ ಪೈಪಿಗೆ ಅಲ್ಲಿ ಕೆಲಸವಿದೆ. ನನ್ನ 1.6 ಲೀಟರ್ ಇಂಜಿನ್ನಿಗೆ ಟರ್ಬೊ ಇಲ್ಲ. ಅದು ತನ್ನ ಪಾಡಿಗೆ ತಾನು ಉಸಿರೆಳೆದುಕೊಳ್ಳುತ್ತದೆ. ಆ ಉಸಿರು ರಬ್ಬರಿನಲ್ಲಿ ಬಂದರೇನು, ನೀಲಿ ಸಿಲಿಕೋನಿನಲ್ಲಿ ಬಂದರೇನು? ಬದಲಾಗುವುದು ಒಂದೇ, ಸದ್ದು. ಕಂಪನಿಯವರ ಪೈಪಿನಲ್ಲಿ ಗಾಳಿ ಎಳೆಯುವ ಸದ್ದನ್ನು ಅಡಗಿಸಲೆಂದೇ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಹೊಸ ಪೈಪಿನಲ್ಲಿ ಅದಿಲ್ಲ. ಆಕ್ಸಿಲರೇಟರ್ ತುಳಿದರೆ ಇಂಜಿನ್ ಗುರ್ ಎನ್ನುತ್ತದೆ. ನನಗೆ ಬೇಕಾಗಿದ್ದು ಆ ಗುರ್. ಈ ದೇಶದಲ್ಲಿ ಗಾಡಿಗೆ ಏನೇ ಮಾರ್ಪಾಡು ಮಾಡಿದರೂ ವಿಮೆಯವರಿಗೆ ಹೇಳಬೇಕು. ಫೋನೆತ್ತಿದ ಹುಡುಗಿ, ಇದರಿಂದ ಇಂಜಿನ್ ಶಕ್ತಿ ಹೆಚ್ಚುತ್ತದೆಯೇ ಎಂದಳು. ಇಲ್ಲ ಎಂದೆ. ವೇಗ? ಇಲ್ಲ. ಆಮೇಲೆ ಅವಳು ಸುಮ್ಮನಿದ್ದಳು. ಮೂರನೆಯ ಪ್ರಶ್ನೆ ಅವಳ ಕಾಗದದಲ್ಲಿ ಇರಲಿಲ್ಲವೆಂದು ಕಾಣುತ್ತದೆ.

ಅಪ್ಪನಿಗೆ ಆ ತೊಂದರೆ ಇಲ್ಲ. ಹಾಸನದ ಕೆಎಸ್ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರಾದವರು. ಹಳೇ ಪೈಪ್ ಬಿಚ್ಚಿಟ್ಟುಕೊಂಡು ವಿಡಿಯೊ ಕಾಲ್ ಮಾಡಿದೆ.

"ಹರ್ದಿತ್ತೇನೋ?"

"ಇಲ್ಲಪ್ಪ."

"ಬಿರುಕು?"

"ಇಲ್ಲ."

"ಮತ್ತೆ ಯಾಕೋ ಬಿಚ್ದೆ?"

ನೀಲಿಯದನ್ನು ಕ್ಯಾಮೆರಾಕ್ಕೆ ಹಿಡಿದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು. "ಆಯಿಲ್ ತಡ್ಕೊಳುತ್ತಾ ಅದು?" ಎಂದರು. ಸಿಲಿಕೋನಿಗೆ ಆಗಿಬರದ ವಸ್ತುಗಳಲ್ಲಿ ಆಯಿಲ್ ಒಂದು. ಇಂಜಿನ್ನಿನ ಆವಿ ಒಂದು ಸಣ್ಣ ಪೈಪಿನ ಮೂಲಕ ಇದೇ ದೊಡ್ಡ ಪೈಪಿಗೆ ಬಂದು ಸೇರುತ್ತದೆ, ಅದರಲ್ಲಿ ಎಣ್ಣೆಯ ಪಸೆ ಇದ್ದೇ ಇರುತ್ತದೆ. ದುಬಾರಿ ಪೈಪುಗಳಿಗೆ ಒಳಗೆ ಬೇರೆ ಲೈನಿಂಗ್ ಕೊಡುತ್ತಾರೆ. ನನ್ನದು ದುಬಾರಿಯದಲ್ಲ, ನೀಲಿಯದು. "ನೆಟ್‌ವರ್ಕ್ ಸರಿ ಇಲ್ಲಪ್ಪ" ಎಂದು ಇಟ್ಟುಬಿಟ್ಟೆ.

ಕೆಲಸ ಮೇಲ್ನೋಟಕ್ಕೆ ಸಸಾರ. ಒಂದು ತುದಿ ಗಾಳಿ ಅಳೆಯುವ ಮೀಟರಿಗೆ, ಇನ್ನೊಂದು ಇಂಜಿನ್ನಿನ ಆಚೆ ಮಗ್ಗುಲಿಗಿರುವ ಥ್ರಾಟಲ್ ಬಾಡಿಗೆ. ಎರಡಕ್ಕೂ ಕ್ಲಿಪ್ಪು. ಈ ಸ್ಕ್ರೂ ಕ್ಲಿಪ್ಪನ್ನು 1921ರಲ್ಲಿ ಕಂಡುಹಿಡಿದವನು ಲಮ್ಲೀ ರಾಬಿನ್ಸನ್ ಎಂಬ ಬ್ರಿಟಿಷ್ ನೌಕಾಪಡೆಯ ಕಮಾಂಡರ್. ಅವನಿಗೆ ಸಿಲಿಕೋನಿನ ವಿಚಾರ ಗೊತ್ತಿರಲಿಲ್ಲ. ಬಿಗಿ ಮಾಡಿದರೆ ಕ್ಲಿಪ್ಪಿನ ಸೀಳುಗಳೊಳಗೆ ಮೆತ್ತನೆಯ ಸಿಲಿಕೋನ್ ಉಬ್ಬಿ ಬಂದು ಕತ್ತರಿಸಿಹೋಗುತ್ತದೆ. ಒಳಗೆ ನುಣುಪು ಪಟ್ಟಿ ಇರುವ ಕ್ಲಿಪ್ಪೇ ಬೇಕು. ತಂದಿದ್ದೆ.

ಮೀಟರಿನ ತುದಿ ಕೂತಿತು. ಇನ್ನೊಂದು ಕೂರಲಿಲ್ಲ. ಹಳೇ ರಬ್ಬರ್ ಪೈಪಿನಲ್ಲಿ ನಾನು ಸದಾ ಹೀಗಳೆಯುತ್ತಿದ್ದ ನಿರಿಗೆಗಳಿದ್ದವಲ್ಲ, ಅವು ಇದ್ದದ್ದು ಇದಕ್ಕೇ. ಅಮುಕಿದರೆ ಪೈಪ್ ಗಿಡ್ಡವಾಗುತ್ತಿತ್ತು, ಬಾಯಿಗೆ ಹಿಡಿದು ಬಿಟ್ಟರೆ ಕೂರುತ್ತಿತ್ತು. ಇಂಜಿನ್ ಅಲುಗಾಡಿದರೆ ಆ ಅಲುಗಾಟವನ್ನೂ ತಾನೇ ನುಂಗಿಕೊಳ್ಳುತ್ತಿತ್ತು. ನಯವಾದ ನೀಲಿಗೆ ಬಗ್ಗುವ ಸ್ವಭಾವವಿಲ್ಲ. ಅರ್ಧಂಬರ್ಧ ಕೂರಿಸಿ ಕೈತೊಳೆದುಕೊಳ್ಳುವ ಹಾಗೂ ಇಲ್ಲ. ಮೀಟರ್ ದಾಟಿದ ಮೇಲೆ ಸಂದಿಯಿಂದ ಗಾಳಿ ನುಗ್ಗಿದರೆ ಅದು ಲೆಕ್ಕಕ್ಕೆ ಸಿಗುವುದಿಲ್ಲ, ಇಂಜಿನ್ ಮಿಸ್ಸಿಂಗ್ ಹೊಡೆದು ಸಿಗ್ನಲ್ಲಿನಲ್ಲಿ ಆಫ್ ಆಗುತ್ತದೆ. ಪಾತ್ರೆ ತೊಳೆಯುವ ಸೋಪು ಸವರಿದೆ. ಹೆಂಡತಿಯ ಹೇರ್‌ಸ್ಪ್ರೇ ಹೊಡೆದೆ. ಬಾನೆಟ್ಟಿನ ಅಡಿಯಿಂದ ಸುವಾಸನೆ ಬಂತು, ಪೈಪ್ ಕದಲಲಿಲ್ಲ. ಆಗ ನೆನಪಾಯಿತು: ಡಿಪೋದಲ್ಲಿ ಗಟ್ಟಿ ರಬ್ಬರನ್ನು ಬಿಸಿನೀರಿಗೆ ಹಾಕಿ ಮೆತ್ತಗೆ ಮಾಡುತ್ತಿದ್ದರು.

ಮನೆಯಲ್ಲಿ ಆ ಗಾತ್ರದ ಪಾತ್ರೆ ಇದ್ದದ್ದು ಒಂದೇ, ಉಡುಪಿಯಿಂದ ಅತ್ತೆ ಬರುವಾಗ ಸೂಟ್‌ಕೇಸಿನಲ್ಲಿ ತಂದ ಇಡ್ಲಿ ಪಾತ್ರೆ. ಪೈಪನ್ನು ತೊಳೆದು, ಒಳಗೆ ನಿಲ್ಲಿಸಿ, ಮುಚ್ಚಳ ಮುಚ್ಚಿ, ಗ್ಯಾಸ್ ಹಚ್ಚಿದೆ. ಈಗ ಸಿಲಿಕೋನಿನ ಬಗ್ಗೆ ಒಂದು ಮಾತು. ಇಲ್ಲೇ ಪಕ್ಕದ ನಾಟಿಂಗ್‌ಹ್ಯಾಮಿನಲ್ಲಿ ಫ್ರೆಡ್ರಿಕ್ ಕಿಪ್ಪಿಂಗ್ ಎಂಬ ಪ್ರೊಫೆಸರು ಜೀವಮಾನವಿಡೀ ಇಂಥ ಸಂಯುಕ್ತಗಳ ಹಿಂದೆ ಬಿದ್ದು, ಕೊನೆಗೆ ಇದರಿಂದ ದೊಡ್ಡ ಪ್ರಯೋಜನವಾಗುವ ಭರವಸೆ ಇಲ್ಲ ಎಂದುಬಿಟ್ಟಿದ್ದರು. ನಂತರದವರು ಇದರಿಂದ ಕಂಡುಕೊಂಡ ದೊಡ್ಡ ಪ್ರಯೋಜನ, ಸುಮಾರು 200 ಡಿಗ್ರಿಯವರೆಗೂ ಇದು ಬಿಸಿಗೆ ಜಗ್ಗುವುದಿಲ್ಲ ಎಂಬುದು. ಇಡ್ಲಿ ಪಾತ್ರೆಯ ಹಬೆ 100 ಡಿಗ್ರಿ. ಎರಡೂ ನನಗೆ ಗೊತ್ತಿತ್ತು. ಆದರೂ ಹಬೆ ಬರಲಿ ಎಂದು ಕಾದೆ, ಕ್ಲಿಪ್ ಹುಡುಕಲು ಹೊರಗೆ ಹೋದೆ.

ಬಂದು ನೋಡಿದರೆ ಮುಚ್ಚಳ ತೆಗೆದಿತ್ತು. ಅತ್ತೆ ಒಂದು ಕೈಯಲ್ಲಿ ಬಟ್ಟೆ ಸುತ್ತಿ ನೀಲಿ ಪೈಪನ್ನು ಹಿಡಿದಿದ್ದರು, ಇನ್ನೊಂದರಲ್ಲಿ ಸೌಟು. ಸೌಟಿನ ತುಂಬ ಹಿಟ್ಟು. ಅವರ ಮುಖದಲ್ಲಿ, ನನ್ನ ಮದುವೆಯಾದಂದಿನಿಂದ ನಾನು ಕಾಣದ ಒಂದು ಮೆಚ್ಚುಗೆ ಇತ್ತು.

"ಮೂಡೆ ಅಚ್ಚು ತರಿಸಿದ್ದಾ?" ಎಂದರು. "ಒಳ್ಳೇದಾಯ್ತು. ಅಷ್ಟಮಿಗೆ ಇಲ್ಲಿ ಕೇದಗೆ ಎಲೆ ಎಲ್ಲಿ ಸಿಗ್ತದೆ ಅಂತ ನಾನು ಮೊನ್ನೆ ಹೇಳಿದ್ದೆ, ನೀವು ನೆನಪಿಟ್ಕೊಂಡ್ರಿ."

ಮೂಡೆ ಎಂದರೆ ಕೇದಗೆ ಎಲೆಯ ಕೊಳವೆಯಲ್ಲಿ ಬೇಯಿಸುವ ಇಡ್ಲಿ. ನಾನು ಬಾಯಿ ತೆರೆದೆ. ಅತ್ತೆಯೆದುರು ನಾನು ಒಂದು ವಾಕ್ಯಕ್ಕಿಂತ ಹೆಚ್ಚು ಆಡುವವನಲ್ಲ, ಆ ಒಂದೂ ಹೊರಡಲಿಲ್ಲ. ಅವರು ಪೈಪನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಕೇಕಿಗೆ ಇಂಥದ್ದೇ ಅಚ್ಚು ಅಂಗಡಿಯಲ್ಲಿ ಕಂಡಿದ್ದೇನೆ, ಮೆತ್ತಗೆ ಉಂಟು, ಮೂಡೆ ಬೇಗ ಬಿಡ್ತದೆ ಎಂದರು. ಗಾತ್ರವೂ ಸರಿಯಾಗಿದೆ. ಆದರೆ ಬಗ್ಗಿದ್ದು ಯಾಕೆ? ಮೂಡೆ ನೆಟ್ಟಗಿರಬೇಡವೇ? ಎಂತದ್ದೋ, ಇಲ್ಲಿಯವರ ಫ್ಯಾಶನ್ ಇರಬೇಕು. ಅಡಿಗೆ ಏನು ಮುಚ್ಚುವುದು? ಬಟ್ಟಲು ಇಟ್ಟರೆ ಆದೀತು. ಆಮೇಲೆ ಅವರ ಹೆಬ್ಬೆರಳು ಪಕ್ಕದ ಸಣ್ಣ ಮೂತಿಗೆ, ಇಂಜಿನ್ನಿನ ಆವಿ ಬರುವ ಆ ಮೂತಿಗೆ, ಬಂದು ನಿಂತಿತು. "ಇಲ್ಲಿ ತೂತು ಉಂಟಲ್ಲ. ಹಿಟ್ಟು ಸೋರ್ತದೆ. ಇದಕ್ಕೊಂದು ಬಿರಡೆ ಬೇಕು."

ಆ ಮೂತಿಗೆ ಕ್ಲಿಪ್ ಸರಿಯಾಗಿ ಕೂತಿದೆಯೇ ನೋಡಿ ಎಂದು ಎಷ್ಟು ಮೆಕ್ಯಾನಿಕ್ಕುಗಳು ಎಚ್ಚರಿಸಿಲ್ಲ! ಸೋರುವ ಜಾಗವನ್ನು ಅತ್ತೆ ಒಂದೇ ನೋಟಕ್ಕೆ ಹಿಡಿದಿದ್ದರು. ಸೌಟು ಬಗ್ಗಿತು.

"ಅತ್ತೆ, ಅದು ಕಾರಿಂದು."

ಸೌಟು ನಿಂತಿತು. "ಕಾರಿಂದು ಇಡ್ಲಿ ಪಾತ್ರೆಯಲ್ಲಿ ಎಂತಕ್ಕೆ?"

ಸೌಟಿನ ಹಿಟ್ಟು ವಾಪಸ್ ಹೋಯಿತು. ಇಡ್ಲಿ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದರು, ಮತ್ತೆ ತಿಕ್ಕಿದರು. ಆಮೇಲೆ ಮಗಳ ಹತ್ತಿರ ತುಳುವಿನಲ್ಲಿ ಏನೋ ಹೇಳಿದರು. ಇಬ್ಬರೂ ತುಂಬ ಹೊತ್ತು ನಕ್ಕರು.

ಪೈಪ್ ಬಿಸಿಯಾಗಿತ್ತು, ಮೆತ್ತಗಾಗಿರಲಿಲ್ಲ. ಅಪ್ಪನಿಗೇ ಫೋನ್ ಮಾಡಬೇಕಾಯಿತು. ಹೇಳಿ ಮುಗಿಸುವ ಮೊದಲೇ, "ಪೈಪ್ ಬಗ್ಗಲ್ಲ ಅಂದ್ರೆ ಡಬ್ಬಿ ಸಡ್ಲ ಮಾಡೋ" ಎಂದರು. ಫಿಲ್ಟರ್ ಡಬ್ಬಿಯ ಬೋಲ್ಟ್ ಸಡಿಲಿಸಿ, ಥ್ರಾಟಲ್ ತುದಿಯನ್ನು ಮೊದಲು ಕೂರಿಸಿ, ಡಬ್ಬಿಯನ್ನೇ ಪೈಪಿನ ಹತ್ತಿರ ತಂದೆ. ಕೂತಿತು. ಕ್ಲಿಪ್ ಬಿಗಿದೆ.

"ಫಿಲ್ಟರ್ ಕ್ಲೀನ್ ಮಾಡ್ದ್ಯಾ?" ಎಂದು ಕೇಳುವಾಗ ಅಪ್ಪನಿಗೆ ಕೆಮ್ಮು ಬಂತು. ಫೋನ್ ಕೆಳಗಿಟ್ಟಿರಬೇಕು, ತಾರಸಿ ಫ್ಯಾನ್ ಮಾತ್ರ ಕಾಣುತ್ತಿತ್ತು. ಶಿರಾಡಿ ಘಾಟಿ ಇಳಿದು ಹತ್ತಿ ಬಂದ ಬಸ್ಸುಗಳ ಏರ್ ಫಿಲ್ಟರುಗಳನ್ನು ಅಪ್ಪ ನೌಕರಿಯುದ್ದಕ್ಕೂ ಕಂಪ್ರೆಸರ್ ಹಿಡಿದು ಊದಿದವರು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದನ್ನು ನಾನು ನೋಡಿಲ್ಲ. ಸಂಜೆ ಮನೆಗೆ ಬಂದಾಗ ರೆಪ್ಪೆಯ ಮೇಲೂ ಕೆಂಪು ಧೂಳಿರುತ್ತಿತ್ತು. ಇಂಜಿನ್ನಿಗೆ ಒಳ್ಳೇ ಗಾಳಿ ಸಿಕ್ಕಲಿ ಎಂದು ನಾನು ಇಲ್ಲಿ ಪೌಂಡ್ ಕೊಟ್ಟು ಪೈಪ್ ಕೊಳ್ಳುತ್ತೇನೆ. ಕೆಮ್ಮು ನಿಲ್ಲುವವರೆಗೆ ಫ್ಯಾನನ್ನೇ ನೋಡುತ್ತಿದ್ದೆ.

"ಹೂಂ, ಸ್ಟಾರ್ಟ್ ಮಾಡು, ಕೇಳಣ" ಎಂದರು ಮತ್ತೆ ಬಂದು.

ಸ್ಟಾರ್ಟ್ ಮಾಡಿದೆ. ಒಂದೇ ಸೆಲ್ಫಿಗೆ ಹಿಡಿಯಿತು, ಐಡ್ಲಿಂಗ್ ಅಲುಗದೆ ನಿಂತಿತು. ಫೋನನ್ನು ಬಾನೆಟ್ಟಿನೊಳಗೆ ನೀಲಿಯ ಪಕ್ಕ ಹಿಡಿದು, ಇನ್ನೊಂದು ಕೈಯಿಂದ ಥ್ರಾಟಲ್ ಎಳೆದು ರೇಸ್ ಮಾಡಿದೆ. ಗುರ್ ಎಂದಿತು! ಎಂಥ ಗುರ್ ಅಂತೀರಿ, ಆಚೆಮನೆಯ ಮುದುಕ ಪರದೆ ಸರಿಸಿ ನೋಡಿದ. ಇನ್ನೊಮ್ಮೆ ಮಾಡಿದೆ, ಮತ್ತೊಮ್ಮೆ ಮಾಡಿದೆ. ಮಾತಿನ ಹಿಂದಿನ ಗಲಾಟೆಯನ್ನೆಲ್ಲ ಸೋಸಿ ಬಿಸಾಡುವ ಬುದ್ಧಿ ಈಗಿನ ಫೋನುಗಳಿಗಿದೆ ಎಂಬುದು ಆ ಭರದಲ್ಲಿ ಯಾರಿಗೆ ನೆನಪಿರುತ್ತದೆ?

"ಹೆಂಗಿದೆ ಅಪ್ಪ?" ಎಂದು ಕಿರುಚಿದೆ.

ಅಪ್ಪ ಕಿವಿಗೊಟ್ಟು ಕೇಳುತ್ತಲೇ ಇದ್ದರು. "ಪರ್ವಾಗಿಲ್ಲ ಕಣೋ, ನೀನು ಹಾಕಿದ್ ಪೈಪು" ಎಂದರು. "ಒಂಚೂರೂ ಸದ್ದೇ ಇಲ್ಲ."