ರಟ್ಟಿನೊಳಗಣ ಸಾಹಸ: ಒಂದು ಸಾಂಸ್ಕೃತಿಕ ಅನುಸಂಧಾನದ ನೆಲೆಗಳು

ಪ್ರಸ್ತುತ ಪ್ರಬಂಧವು ಗದಗ-ಬೆಟಗೇರಿ ಪರಿಸರದ ಚಿತ್ರಕಥಾ ಸಂಪುಟವೊಂದನ್ನು ವಸಾಹತೋತ್ತರ ಸಂಕಥನದ ನೆಲೆಯಲ್ಲಿ ಮುಖಾಮುಖಿಯಾಗಿಸಿ, ಅದರ ತಾತ್ವಿಕ ಆಕೃತಿಯನ್ನು ಅನುಸಂಧಾನಿಸುವ ಪ್ರಯತ್ನದ ಪೂರ್ವಪೀಠಿಕೆಯ ಮೊದಲ ಹೆಜ್ಜೆಯಾಗಿದೆ. ಇಂಥ ವಾಕ್ಯ ಬರೆಯುವುದನ್ನು ನಾನು ಕಲಿತದ್ದು ಮಕ್ಕಳ ಸಾಹಿತ್ಯದ ಮೇಲಿನ ಎರಡು ದಿನದ ವಿಚಾರ ಸಂಕಿರಣವೊಂದರಲ್ಲಿ. ಅಲ್ಲಿ ಮಕ್ಕಳೂ ಇರಲಿಲ್ಲ, ಮಕ್ಕಳ ಪುಸ್ತಕವೂ ಇರಲಿಲ್ಲ. ಊಟ ಮಾತ್ರ ಚಲೋ ಇತ್ತು.

ಪದ್ಧತಿಯಂತೆ ಕವಿರಾಜಮಾರ್ಗದಿಂದ ಹೊರಡತಕ್ಕದ್ದು. ತಿರುಳ್ಗನ್ನಡದ ನಾಡಿನ ನಾಲ್ಕು ಮೂಲೆಗಳಲ್ಲಿ ಪುಲಿಗೆರೆ ಒಂದು. ಪುಲಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಲಕ್ಷ್ಮೇಶ್ವರದಿಂದ ಶಿರಹಟ್ಟಿ ಹತ್ತಿರ. ಶಿರಹಟ್ಟಿಯಲ್ಲಿ ನಮ್ಮ ಸೋದರಮಾವನ ಮನೆ. ಮಾವನ ಟ್ರಂಕಿನಲ್ಲಿ ಆಕರಗ್ರಂಥ. ಹೀಗೆ ಒಂಬತ್ತನೆಯ ಶತಮಾನದಿಂದ ಟ್ರಂಕಿನವರೆಗೆ ಪರಂಪರೆ ಅಖಂಡವಾಗಿದೆ.

ಆಕರದ ಭೌತಿಕ ಸ್ವರೂಪ: ಹದಿನೇಳು ಬಿಡಿ ಸಂಚಿಕೆ, ಬಹುಪಾಲು ಇಂದ್ರಜಾಲ ಕಾಮಿಕ್ಸ್, ನಡುವೆ ನಾಲ್ಕು ಅಮರ ಚಿತ್ರಕಥೆ. 1981ರಲ್ಲಿ ಮಾವ ಬೆಟಗೇರಿಯ ಒಬ್ಬ ಬೈಂಡರನ ಹತ್ತಿರ ಒಟ್ಟಿಗೆ ಹೊಲಿಸಿದ್ದು. ಖಾಕಿ ರಟ್ಟು, ಬೆನ್ನಿಗೆ ಕೆಂಪು ಕ್ಯಾಲಿಕೋ. ಅಂಟಿಗೆ ಮೈಲುತುತ್ತ ಬೆರೆಸಿದ್ದರಿಂದ ಜಿರಲೆ ಇವತ್ತಿಗೂ ದೂರ. ಎಲ್ಲವನ್ನೂ ಒಂದೇ ಅಳತೆಗೆ ತರಲು ಆತ ಬಲಗಡೆ ಅಂಚು ಕತ್ತರಿಸಿದ್ದಾನೆ. ಇಲ್ಲಿಂದಲೇ ಗ್ರಂಥಸಂಪಾದನಾ ಸಮಸ್ಯೆ ಶುರು. ಅಂಚಿನ ಬಲೂನೊಂದರಲ್ಲಿ ಖಳನಾಯಕ ಅನ್ನುವುದು ‘ಬಿಡು’. ಕತ್ತರಿಗೆ ಸಿಕ್ಕು ಡಕಾರದ ಕೊಂಬು ಹೋಗಿ ‘ಬಿಡ’ ಉಳಿದಿದೆ. ‘ಬಿಡು’ ಅಂದರೆ ಅಂಗಲಾಚುವಿಕೆ. ‘ಬಿಡ’ ಅಂದರೆ ಅಂವ ಬಿಡೂದಿಲ್ಲ ಅಂತ. ಒಂದು ಕೊಂಬಿಗೆ ಇಡೀ ಕಥೆಯ ದರ್ಶನವೇ ತಿರುವುಮುರುವು. ಈ ಬಗ್ಗೆ ವಿದ್ವಾಂಸರಲ್ಲಿ ಎರಡು ಪಂಥಗಳಿವೆ: ಒಂದು ನಾನು, ಇನ್ನೊಂದು ನನ್ನ ತಮ್ಮ.

ಇನ್ನು ನಾಯಕನ ಕುಲಮೂಲ. ಫ್ಯಾಂಟಮ್‌ನನ್ನು 1936ರಲ್ಲಿ ಅಮೆರಿಕದ ಲೀ ಫಾಕ್ ಸೃಷ್ಟಿಸಿದನೆಂಬುದು ವಸಾಹತುಶಾಹಿ ಓದು. ದೇಶೀ ಓದು ಬೇರೆ. ಈತ ವೈರಿಯ ದವಡೆಗೆ ಗುದ್ದಿದರೆ ಉಂಗುರದ ತಲೆಬುರುಡೆ ಅಳಿಸಲಾರದಂತೆ ಅಚ್ಚೊತ್ತುತ್ತದೆ. ಅಚ್ಚುಮೊಳೆ, ಒತ್ತಡ, ಕಾಗದದ ಜಾಗದಲ್ಲಿ ಗಲ್ಲ. ಇದು ಶುದ್ಧ ಲೆಟರ್‌ಪ್ರೆಸ್. ಮುದ್ರಣ ಕಾಶಿಯೆಂದು ಹೆಸರಾದ ಊರು ಗದಗ. ಆದ್ದರಿಂದ ಫ್ಯಾಂಟಮ್ ಗದಗಿನವನೆಂದು ಸಿದ್ಧವಾಯಿತು. ಅಪ್ಪನಾದ ಮೇಲೆ ಮಗ, ಹೀಗೆ ಇಪ್ಪತ್ತೊಂದನೆಯವನು ಪೀಠದಲ್ಲಿದ್ದಾನೆ ಎಂಬುದಂತೂ ಮಠಗಳ ನಡುವೆ ಬೆಳೆದ ನಮ್ಮ ಭಾಗದ ಹುಡುಗರಿಗೆ ವಿಶೇಷವೇ ಅನ್ನಿಸಲಿಲ್ಲ. ಅವನ ಕಾಡಿನ ನಾಡು ಇಂಗ್ಲಿಷಿನಲ್ಲಿ ಬಂಗಾಳದ ಹೆಸರಿಗೆ ತಾಗುತ್ತದೆಂದು ಇಂದ್ರಜಾಲದವರು ‘ಡೆಂಕಾಲಿ’ ಮಾಡಿದರು. ಮುಂಡರಗಿ ಕಡೆಯ ಹುಡುಗರು ಅದನ್ನು ಕಪ್ಪತಗುಡ್ಡ ಅಂತ ತಿಳಿದರು. ಯಾರ ಭೂಗೋಳ ಹೆಚ್ಚು ಸರಿ ಎಂಬುದು ಪ್ರತ್ಯೇಕ ಪ್ರಬಂಧದ ವಸ್ತು.

ಸಾಹಸವು ತ್ರಿವಿಧ: ಗುದ್ದು-ನಿಷ್ಠ, ಓಟ-ನಿಷ್ಠ ಮತ್ತು ಉಭಯ-ನಿಷ್ಠ. ಹಾಸ್ಯವು ಚತುರ್ವಿಧ: ಜಾರಿ ಬೀಳುವುದು, ಬೀಳಿಸುವುದು, ಬಿದ್ದವನನ್ನು ನೋಡಿ ನಗುವವನು ಬೀಳುವುದು... ನಾಲ್ಕನೆಯದನ್ನು ಸಂಖ್ಯೆ ಕೂಡಲೆಂದು ಹಾಕಿದ್ದೆ. ಬಿಡ್ರಿ. ಸಂಚಿಕೆಯ ಕೊನೆಗೆ ಜಾಗ ತುಂಬಲು ಹಾಕುತ್ತಿದ್ದ ಆ ನಗೆಚಿತ್ರಗಳಿಗೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು, ಅಷ್ಟೇ.

ಧ್ವನಿ ವಿಚಾರ. ಆನಂದವರ್ಧನನು ಇಡೀ ಧ್ವನ್ಯಾಲೋಕ ಬರೆದರೂ ‘ಢಂ’ ಎಂಬುದನ್ನು ವಿವೇಚಿಸಲಿಲ್ಲ. ಇಲ್ಲಿ ಅದು ಅಭಿಧೆಯೂ ಅಲ್ಲ, ಲಕ್ಷಣೆಯೂ ಅಲ್ಲ; ಮಂಚದ ಕೆಳಗೆ ಚಿಮಣಿ ಬುಡ್ಡಿ ಇಟ್ಟುಕೊಂಡು ಓದುವ ಹುಡುಗ ‘ಢಂ’ ಅಂತ ಬಾಯಿಬಿಟ್ಟು ಅಂದಾಗ ಅವನ ಬೆನ್ನಿಗೆ ಅವ್ವನಿಂದ ಬೀಳುವುದೇ ವ್ಯಂಗ್ಯಾರ್ಥ.

ಸಂಕಿರಣದಲ್ಲಿ ಒಬ್ಬ ದೊಡ್ಡವರು ಕಾಮಿಕ್ಸ್ ಮಕ್ಕಳ ಭಾಷೆ ಕೆಡಿಸಿತು ಅಂದರು, ಅಮರ ಚಿತ್ರಕಥೆ ಮುಂಬೈಯ ಕೂಸು, ಕನ್ನಡಕ್ಕೆ ಅದರ ಹಂಗಿಲ್ಲ ಅಂತಲೂ ಅಂದರು. ಇಲ್ಲಿ ಪರಿಭಾಷೆ ಬದಿಗಿಡುತ್ತೇನೆ. ಸರ್, ಅಮರ ಚಿತ್ರಕಥೆಯ ಮೊದಲ ಹತ್ತು ಪುಸ್ತಕ ಬಂದದ್ದು ಕನ್ನಡದಲ್ಲಿ. 1965ರಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಮುತುವರ್ಜಿಯಿಂದ, ಪರದೇಶದ ಕಿನ್ನರ ಕಥೆಗಳು ಕನ್ನಡವಾಗಿ. ಆಮೇಲೆ ಇಂಗ್ಲಿಷಿನಲ್ಲಿ ಬಂದ ‘ಕೃಷ್ಣ’ಕ್ಕೆ ಹನ್ನೊಂದನೆಯ ಸಂಖ್ಯೆ ಯಾಕೆ ಬಿತ್ತು ಅಂದರೆ ಇದೇ ಕಾರಣ. ಅದನ್ನು ಬೆಳೆಸಿದ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ. ನೀವು ಹಂಗಿಲ್ಲ ಅನ್ನುವುದು ನಿಮ್ಮ ಮನೆಯ ಹಿತ್ತಲಿಗೇ.

ಭಾಷೆ ಕೆಟ್ಟದ್ದು ಹೇಗೆ? ಶಾಲೆಯ ಪುಸ್ತಕದ ಕನ್ನಡ ನಮಗೆ ಪರದೇಶಿ ಇತ್ತು. ‘ಪಲಾಯನ’ ಅಂದರೆ ಓಡಿಹೋಗೂದು ಅಂತ ಮಾಸ್ತರು ಹೇಳಿಕೊಡುವ ಮೊದಲೇ ಬಲೂನಿನ ಕೆಳಗೆ ಓಡುವ ಕಾಲು ನೋಡಿ ತಿಳಿದಿದ್ದೆವು. ಒಬ್ಬನೇ ಒಬ್ಬ ಪ್ರಬಂಧಕಾರ ಒಂದಾದರೂ ಸಂಚಿಕೆ ಕೈಯಲ್ಲಿ ಹಿಡಿದು ಬಂದಿರಲಿಲ್ಲ. ಗ್ರಂಥಾಲಯದಲ್ಲಿ ಕೇಳಿದೆ. ‘ಅವು ಪುಸ್ತಕ ಅಲ್ರಿ ಸರ, ರದ್ದಿಗೆ ಹಾಕೇವಿ’ ಅಂದ ಜವಾನ. ಸಂಜೆ ಸ್ಟೇಶನ್ ರಸ್ತೆಯಲ್ಲಿ ಮಿರ್ಚಿ ಕಟ್ಟಿಕೊಟ್ಟ ಹಾಳೆಯಲ್ಲಿ ಅದೇ ಸಂಕಿರಣದ ಆಮಂತ್ರಣ ಪತ್ರಿಕೆ ಸಿಕ್ಕಿತು. ಅದಕ್ಕಾದರೂ ಎಣ್ಣೆಯ ಗುರುತು ಬಿತ್ತಲ್ಲ.

1964ರಲ್ಲಿ ಶುರುವಾದ ಇಂದ್ರಜಾಲ 1990ಕ್ಕೆ ನಿಂತಿತು. 1949ರಿಂದ ಕನ್ನಡದಲ್ಲಿದ್ದ ಚಂದಮಾಮ 2013ರ ಹೊತ್ತಿಗೆ ಮುಗಿಯಿತು. ನನ್ನ ಮೊಮ್ಮಗನಿಗೆ ಕನ್ನಡ ಅಕ್ಷರ ಬರುತ್ತದೆ. ಓದಲು ಕೊಡಬೇಕಾದದ್ದು ಏನು ಅಂತ ಅಂಗಡಿಯಲ್ಲಿ ನಿಂತು ನನಗೇ ತಿಳಿಯಲಿಲ್ಲ. ಮಾವನ ಸಂಪುಟ ಕೊಟ್ಟೆ. ಮೂರು ದಿನ ಕೆಳಗಿಡಲಿಲ್ಲ. ನಾಲ್ಕನೆಯ ದಿನ ಬಂದು, ‘ಅಜ್ಜಾ, ಮುಂದೇನಾತು?’ ಅಂದ.

ಆಬಿದ್ ಸುರತಿಯ ಬಹಾದೂರ್ ಬರುವ ಕಥೆ ಅದು, ಡಕಾಯಿತರು ಕಣಿವೆಯಲ್ಲಿ ಸುತ್ತುವರಿದಿದ್ದಾರೆ. ಕೊನೆಯ ಹಾಳೆ ನಮ್ಮ ಸಂಪುಟದಲ್ಲಿಲ್ಲ, ನನಗೂ ನಾಲ್ವತ್ತು ವರ್ಷದಿಂದ ಗೊತ್ತಿಲ್ಲ. ಲಕ್ಷ್ಮೇಶ್ವರ, ಮುಂಡರಗಿ, ಗದಗಿನ ಕಡೆ ಯಾರ ಅಟ್ಟದ ಮೇಲಾದರೂ ಹಳೆಯ ಕನ್ನಡ ಇಂದ್ರಜಾಲ ಇದ್ದರೆ, ತೂಕಕ್ಕೆ ಹಾಕುವ ಮುಂಚೆ ದಯವಿಟ್ಟು ಒಮ್ಮೆ ತೆಗೆದು ನೋಡ್ರಿ.